ಮಿದ್ದೆಯಿಂದ ಮೋಲ್ಡಿಗೆ

ಏಪ್ರಿಲ್ ರಾತ್ರಿ ಹತ್ತಕ್ಕೆ ಕೋಲಾರದ ಬೀದಿಯಲ್ಲಿ ಗಾಳಿ ತಣ್ಣಗಾಗಿರುತ್ತದೆ. ಸಮುದ್ರಮಟ್ಟದಿಂದ 800 ಮೀಟರಿಗೂ ಎತ್ತರದ ಒಣ ಸೀಮೆ ಇದು. ಹೊತ್ತು ಮುಳುಗಿದರೆ ಕಾವು ಬೇಗ ಇಳಿಯುತ್ತದೆ. ಮೋಲ್ಡ್ ಹಾಕಿದ ಮನೆಯೊಳಗೆ ಮಾತ್ರ ಫ್ಯಾನು ಬಿಸಿಗಾಳಿಯನ್ನೇ ತಿರುವಿಹಾಕುತ್ತಿರುತ್ತದೆ. ಹಗಲಿಡೀ ಬಿಸಿಲು ಕುಡಿದ ಕಾಂಕ್ರೀಟು ಅದನ್ನು ಕಾರುವುದೇ ಆಗ. ಹಾಸಿಗೆ ಹೊತ್ತು ತಾರಸಿ ಹತ್ತಿದವರಿಗೆ ಗೊತ್ತು, ಮೇಲೆ ತಂಪು, ಕೆಳಗೆ ಧಗೆ. ನಡುವೆ ನಾಲ್ಕೈದು ಅಂಗುಲದ ಚಾವಣಿ.

ಮುಳಬಾಗಿಲು, ಶ್ರೀನಿವಾಸಪುರದ ಕಡೆಯ ತೆಲುಗು ಬೆರೆತ ಮಾತಿನಲ್ಲಿ ಮಣ್ಣಿನ ಮಾಳಿಗೆಗೆ ಮಿದ್ದೆ ಎನ್ನುತ್ತಾರೆ. ತೊಲೆ, ಅದರ ಮೇಲೆ ಜಂತೆ, ಬಂಡೆ ಸಿಗುವಲ್ಲಿ ಕಲ್ಲುಚಪ್ಪಡಿ, ಮೇಲೆ ಗೇಣು ಮಣ್ಣು, ನೀರಿಳಿಯದಂತೆ ಚೌಳುಮಣ್ಣಿನ ಹೊದಿಕೆ. ಹಗಲಿನ ಕಾವು ಅಷ್ಟನ್ನೂ ದಾಟಿ ಒಳಗೆ ಬರುವಷ್ಟರಲ್ಲಿ ಕತ್ತಲಾಗಿ, ಗವಾಕ್ಷಿಯಲ್ಲಿ ತಂಗಾಳಿ ಆಡುತ್ತಿರುತ್ತಿತ್ತು. ಹಾಗೆಂದು ಮಿದ್ದೆಯನ್ನು ಬಾಯ್ತುಂಬ ಹೊಗಳುವವರು ಅದರಡಿ ಮಳೆಗಾಲ ಕಳೆದವರಲ್ಲ. ವರ್ಷಾ ವರ್ಷ ಮಣ್ಣು ಹಾಕಬೇಕು, ಹುಲ್ಲು ಕೀಳಬೇಕು, ಸೋರಿದಲ್ಲಿ ಪಾತ್ರೆ ಇಡಬೇಕು.

ಅದಕ್ಕೇ ಹೆಂಚು ಗೆದ್ದಿತು. ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ 1865ರಲ್ಲಿ ಮಂಗಳೂರಿನಲ್ಲಿ ಆರಂಭಿಸಿದ ಕಾರ್ಖಾನೆಯ ಅಚ್ಚಿನ ಹೆಂಚು ಘಟ್ಟ ಹತ್ತಿತು. ಮುಂದೆ ಮಾಲೂರಿನ ಕೆರೆಮಣ್ಣಿಗೂ ಆ ಕಸುಬು ಒಗ್ಗಿತು. ಹೆಂಚು ಮಣ್ಣಿನಂತೆ ಕಾವನ್ನು ತಡೆಯುವುದಿಲ್ಲ, ಕಾಂಕ್ರೀಟಿನಂತೆ ಕೂಡಿಡುವುದೂ ಇಲ್ಲ. ಸಂದುಗಳಲ್ಲಿ ಬಿಸಿಗಾಳಿ ಹೊರಡುತ್ತದೆ. ಬಿಸಿಲು ಹೋದ ಸ್ವಲ್ಪ ಹೊತ್ತಿಗೇ ತಣ್ಣಗಾಗುತ್ತದೆ.

ಫ್ಯಾನು ತಿರುಗಿಸುವ ವಿದ್ಯುತ್ತೇನೂ ಇಲ್ಲಿಗೆ ತಡವಾಗಿ ಬರಲಿಲ್ಲ. ಬೆಂಗಳೂರಿನ ಬೀದಿದೀಪ ಹೊತ್ತಿದ್ದು 1905ರಲ್ಲಿ; ಶಿವನಸಮುದ್ರದಿಂದ ಸುಮಾರು 148 ಕಿಲೋಮೀಟರ್ ತಂತಿ ಎಳೆದು ಕೋಲಾರದ ಚಿನ್ನದ ಗಣಿಗೆ ಕರೆಂಟು ಕೊಟ್ಟದ್ದು 1902ರಲ್ಲೇ. ಮೂರು ಕಿಲೋಮೀಟರಿಗೂ ಆಳಕ್ಕಿಳಿದ ಚಾಂಪಿಯನ್ ರೀಫ್ ಗಣಿಯಲ್ಲಿ ಬಂಡೆಯೇ ಮೈಸುಡುವಷ್ಟು ಬಿಸಿ. ಯಂತ್ರದಿಂದ ತಂಪುಮಾಡಿದ ಗಾಳಿಯನ್ನು ಒಳಗೆ ನೂಕಬೇಕಾಯಿತು. ಮಿದ್ದೆ ಮನೆಗಳಿಗೆ ಅಂಥ ಗಾಳಿ ಬೇಕಿರಲಿಲ್ಲ.

ಬೇಕಾದದ್ದು ಮೋಲ್ಡ್ ಬಂದಮೇಲೆ. ಸೋರುವುದಿಲ್ಲ, ಮೇಲೆ ಇನ್ನೊಂದು ಅಂತಸ್ತು ಎಬ್ಬಿಸಬಹುದು, ಹೆಣ್ಣು ಕೊಡುವವರೂ ಮೊದಲು ನೋಡುವುದು ಅದನ್ನೇ. 2023ರಲ್ಲಿ ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆ ಬಂದಮೇಲೆ ಮನೆಮನೆಯಲ್ಲೂ ಯೂನಿಟ್ ಲೆಕ್ಕ ಶುರುವಾಗಿದೆ: ತಿಂಗಳಿಗೆ 200 ದಾಟಿದರೆ ಇಡೀ ಬಿಲ್ಲು ನಮ್ಮದೇ. ಒಂದೂವರೆ ಟನ್ನಿನ ಏಸಿ ಗಂಟೆಗೆ ಒಂದು ಯೂನಿಟ್ ಎಳೆದರೂ, ರಾತ್ರಿಗೆ ಆರು ಗಂಟೆಯಂತೆ ತಿಂಗಳಿಗೆ 180 ಆಯಿತು. ಹಳೇ ಫ್ಯಾನು 75 ವ್ಯಾಟ್, ಹೊಸ ಬಿಎಲ್‌ಡಿಸಿ ಫ್ಯಾನು 30ರ ಆಸುಪಾಸು. ಫ್ಯಾನು ಬದಲಿಸಿದರೆ ಲಾಭವೇ. ಆದರೆ ಅದೂ ತಿರುಗಿಸುವುದು ಚಾವಣಿಯ ಬಿಸಿಯನ್ನೇ.

ಹೀಗಾಗಿ ಮದ್ದು ಚಾವಣಿಗೇ ಆಗಬೇಕು. ಅಗ್ಗದ್ದು ಸುಣ್ಣ: ಫೆಬ್ರವರಿ ಕೊನೆಗೆ ತಾರಸಿ ಗುಡಿಸಿ, ಅಂಟು ಬೆರೆಸಿ ಎರಡು ಮೂರು ಕೈ ಬಳಿದರೆ ಬಿಸಿಲಿನ ಬಹುಪಾಲು ಬಂದ ದಾರಿಯಲ್ಲೇ ವಾಪಸು. ಮಳೆಗೆ ತೊಳೆದುಹೋಗುತ್ತದೆ, ಹೋಗಲಿ, ಅಷ್ಟರಲ್ಲಿ ಬೇಸಿಗೆಯೂ ಮುಗಿದಿರುತ್ತದೆ.

ಹೊಸದಾಗಿ ಕಟ್ಟಿಸುವವರಿಗೆ ಫಿಲ್ಲರ್ ಸ್ಲ್ಯಾಬ್ ಇದೆ. ಕೇರಳದಲ್ಲಿ ಲಾರಿ ಬೇಕರ್ ಇದನ್ನು ಜನಪ್ರಿಯಗೊಳಿಸಿದರು. ಮೋಲ್ಡಿನ ಕೆಳಭಾಗದ ಕಾಂಕ್ರೀಟು ಹೆಚ್ಚು ಭಾರ ಹೊರುವುದಿಲ್ಲ. ಕಬ್ಬಿಣವನ್ನು ಹಿಡಿದುಕೊಂಡಿರುತ್ತದೆ, ಅಷ್ಟೆ. ಕಂಬಿಗಳ ನಡುವಿನ ಆ ಜಾಗದಲ್ಲಿ ಹೆಂಚುಗಳನ್ನು ಜೋಡಿಯಾಗಿ ಕವುಚಿಟ್ಟರೆ ಸಿಮೆಂಟೂ ಉಳಿಯುತ್ತದೆ, ಒಳಗೆ ಸಿಕ್ಕ ಗಾಳಿ ಕಾವನ್ನೂ ತಡೆಯುತ್ತದೆ. ಮೋಲ್ಡಿಗೆ ಸೋತು ಇಳಿದ ಹೆಂಚು ಈಗ ಅದರ ಹೊಟ್ಟೆಯೊಳಗೇ ಕೂತಿದೆ. ಹಿಂದಿನ ದಿನವೇ ನೆನೆಹಾಕಲು ಮೇಸ್ತ್ರಿಗೆ ಹೇಳಿಡಿ. ಒಣಹೆಂಚು ಕಾಂಕ್ರೀಟಿನ ನೀರನ್ನೆಲ್ಲ ಕುಡಿದುಬಿಡುತ್ತದೆ.