ಸಸಿಮಡಿ ಒಂದೇ, ಗದ್ದೆ ದೊಡ್ಡದು

ಇಂದಿನ ಕೂದಲು ಕಸಿಯ ಬೇರು ಹುಡುಕುತ್ತಾ ಹೋದರೆ 1939ರ ಜಪಾನಿಗೆ ಬಂದು ನಿಲ್ಲುತ್ತೇವೆ. ಬೆಂಕಿಯಲ್ಲಿ ಸುಟ್ಟು ಕೂದಲು ಕಳೆದುಕೊಂಡ ತಲೆ, ಹುಬ್ಬುಗಳಿಗೆ ಕೂದಲಿರುವ ಚರ್ಮದ ಪುಟ್ಟ ಬಿಲ್ಲೆಗಳನ್ನು ಕೊರೆದು ಕೂರಿಸಿದ ವಿವರಗಳನ್ನು ಚರ್ಮವೈದ್ಯ ಶೋಜಿ ಒಕುಡಾ ಆ ವರ್ಷ ಪ್ರಕಟಿಸಿದರು. ಬೆನ್ನಿಗೇ ಯುದ್ಧ ಬಂತು. ಜಪಾನಿ ಭಾಷೆಯ ಆ ಬರಹ ಪಶ್ಚಿಮದ ವೈದ್ಯರಿಗೆ ತಲುಪಲಿಲ್ಲ. 1952ರಲ್ಲಿ ನ್ಯೂಯಾರ್ಕಿನ ನಾರ್ಮನ್ ಓರೆಂಟ್ರೈಕ್ ಗಂಡಸರ ಬೊಕ್ಕತಲೆಗೆ ಇಂಥದೇ ಕಸಿ ಮಾಡಿದರು. ಹಿಂದಲೆಯ ಕೂದಲನ್ನು ಬೋಳು ನೆತ್ತಿಗೆ ತಂದರೂ ಅದು ಬೆಳೆಯುತ್ತದೆ, ಬೋಳು ಚರ್ಮವನ್ನು ಕೂದಲಿನ ನಡುವೆ ಇಟ್ಟರೂ ಅದು ಬೋಳಾಗಿಯೇ ಉಳಿಯುತ್ತದೆ ಎಂದು 1959ರಲ್ಲಿ ಬರೆದರು. ದೋಷ ಮಣ್ಣಿನದಲ್ಲ, ಬೀಜದ್ದು ಎಂದಾಯಿತು. ಆದರೆ ಈ ಶೋಧದೊಳಗೇ ಒಂದು ಮಿತಿಯೂ ಇತ್ತು: ಕಸಿ ಹೊಸ ಕೂದಲು ಹುಟ್ಟಿಸುವುದಿಲ್ಲ, ಇದ್ದದ್ದನ್ನು ಹಂಚುತ್ತದೆ. ಭತ್ತದ ಸಸಿಮಡಿಯನ್ನು ಮುಂದಿನ ವರ್ಷ ಮತ್ತೆ ಬಿತ್ತಬಹುದು. ಹಿಂದಲೆಯಲ್ಲಿ ಕಿತ್ತ ಬುಡ ಮತ್ತೆ ಮೊಳೆಯದು. ಜೀವಮಾನದಲ್ಲಿ ಅಲ್ಲಿಂದ ತೆಗೆಯಬಹುದಾದದ್ದು ಸುಮಾರು 4,000ದಿಂದ 8,000 ಬುಡಗಳು. ಈ ಕಸುಬಿನ ಒಳ್ಳೆಯದು ಕೆಟ್ಟದ್ದೆಲ್ಲ ಆ ಲೆಕ್ಕದಲ್ಲೇ ಇದೆ ಎಂಬುದು ನನ್ನ ವಾದ.

ಓರೆಂಟ್ರೈಕ್ ಕಾಲದ ಬಿಲ್ಲೆ ನಾಲ್ಕು ಮಿಲಿಮೀಟರ್ ಅಗಲದ್ದು, ಒಂದೊಂದರಲ್ಲೂ ಹತ್ತಾರು ಕೂದಲು. ತಲೆ ಗೊಂಬೆಯ ತಲೆಯಂತೆ ಕಾಣುತ್ತಿತ್ತು. ಕೂದಲು ಒಂದರಿಂದ ನಾಲ್ಕರ ಸಹಜ ಗೊಂಚಲಾಗಿ ಹುಟ್ಟುತ್ತದೆಂದು 1984ರಲ್ಲಿ ಜಾನ್ ಹೆಡಿಂಗ್ಟನ್ ವಿವರಿಸಿದರು. ಅಮೆರಿಕದ ಬಾಬಿ ಲಿಮ್ಮರ್ ಆ ದಶಕದ ಕೊನೆಗೆ, ಹಿಂದಲೆಯಿಂದ ಕತ್ತರಿಸಿದ ಚರ್ಮದ ಪಟ್ಟಿಯನ್ನು ಸೂಕ್ಷ್ಮದರ್ಶಕದಡಿ ಇಟ್ಟು ಗೊಂಚಲುಗಳನ್ನು ಬಿಡಿಸತೊಡಗಿದರು. ಪಟ್ಟಿ ತೆಗೆದಲ್ಲಿ ಉದ್ದದ ಗೆರೆ ಉಳಿಯುತ್ತಿತ್ತು. ಒಂದು ಮಿಲಿಮೀಟರ್ ಆಸುಪಾಸಿನ ಕೊಳವೆಯಿಂದ ಬುಡಗಳನ್ನು ಒಂದೊಂದಾಗಿ ಎತ್ತುವ ವಿಧಾನವನ್ನು 2002ರಲ್ಲಿ ರಾಸ್‌ಮನ್ ಮತ್ತು ಬರ್ನ್‌ಸ್ಟೈನ್ ಪ್ರಕಟಿಸಿದ ಮೇಲೆ ಗೆರೆಯ ಕಾಟ ತಪ್ಪಿತು. ಕಲೆ ಇಲ್ಲವೆಂದಲ್ಲ, ಸಾವಿರಾರು ಚುಕ್ಕಿಗಳಾಗಿ ಚದುರುತ್ತದೆ. ಹೊಲಿಗೆಯ ಕೆಲಸ ಹೋದದ್ದೇ ಕಡಿಮೆ ತರಬೇತಿಯವರ ಕೈಗೂ ಕೊಳವೆ ಬಂತು. ಒಂದೇ ದಿನದಲ್ಲಿ ಹೆಚ್ಚು ಬುಡ ಕೀಳುವುದೇ ಹೆಗ್ಗಳಿಕೆಯಾದರೆ ಸಸಿಮಡಿ ಬರಿದಾಗುತ್ತದೆ.

ಚೇತರಿಕೆಯೂ ಆತುರಕ್ಕೆ ಒಗ್ಗುವುದಲ್ಲ. ಮೊದಲ ಕೆಲವು ರಾತ್ರಿ ತಲೆ ಎತ್ತರಿಸಿ ಮಲಗಬೇಕು, ಊತ ಹಣೆಗಿಳಿಯಬಹುದು. ಹಕ್ಕಳೆ ಉದುರಿ ಬುಡ ಗಟ್ಟಿಯಾಗಲು ಏಳರಿಂದ ಹತ್ತು ದಿನ. ಆಮೇಲೆ, ಎರಡನೇ ವಾರದಿಂದ ಎರಡನೇ ತಿಂಗಳೊಳಗೆ, ನೆಟ್ಟ ಕೂದಲಲ್ಲಿ ಬಹುಪಾಲು ಉದುರುತ್ತದೆ. ಮುಂಚೆಯೇ ತಿಳಿಸದಿದ್ದರೆ ಎಂಥವರಿಗೂ ಎದೆ ಒಡೆಯುವ ಹೊತ್ತು ಅದು. ಬುಡ ಮಾತ್ರ ಒಳಗೆ ನಿದ್ರೆಯಲ್ಲಿರುತ್ತದೆ. ಮೂರು ನಾಲ್ಕು ತಿಂಗಳಿಗೆ ನವಿರಾಗಿ ಮೊಳೆತು, ಪೂರ್ತಿ ರೂಪ ತಾಳಲು ವರ್ಷ ಹಿಡಿಯುತ್ತದೆ. ಈ ನಡುವೆ ನೆಡದ ಹಳೆಯ ಕೂದಲು ಉದುರುತ್ತಲೇ ಇರಬಹುದು. ಅದಕ್ಕೆ ಪುರುಷ ಹಾರ್ಮೋನಿನ ನಂಟಿದೆಯೆಂದು ಜೇಮ್ಸ್ ಹ್ಯಾಮಿಲ್ಟನ್ 1942ರಲ್ಲೇ ತೋರಿಸಿದ್ದರು. ಇಪ್ಪತ್ತೆರಡರ ಹುಡುಗನ ಹಣೆಗೆ ತಗ್ಗಿನ ಗೆರೆ ನೆಟ್ಟರೆ, ನಲವತ್ತಕ್ಕೆ ಆ ಗೆರೆ ಬಯಲ ನಡುವಿನ ನಡುಗಡ್ಡೆಯಾಗಿ ಉಳಿದೀತು.

ಬರೀ ಶೋಕಿಗೆ ಇಷ್ಟು ಚಿಂತೆಯೇಕೆ ಎನ್ನುವವರಿದ್ದಾರೆ. ಒಕುಡಾ ಮುಂದೆ ಕೂತಿದ್ದ ಸುಟ್ಟ ಮುಖಗಳಿಗೆ ಹುಬ್ಬು ಶೋಕಿಯಾಗಿರಲಿಲ್ಲ; ಮದುವೆಯ ಮಾತುಕತೆಯಲ್ಲಿ ತಲೆ ತಗ್ಗಿಸುವವನ ಸಂಕಟವನ್ನೂ ಹಗುರ ಮಾಡಲಾರೆ. ಔಷಧಿ ಸಾಲದೆ ಎಂಬ ಪ್ರಶ್ನೆ ಇನ್ನೂ ತೂಕದ್ದು. ಅಮೆರಿಕದಲ್ಲಿ 1997ರಲ್ಲಿ ಈ ಬಳಕೆಗೆ ಒಪ್ಪಿಗೆ ಪಡೆದ ಫಿನಾಸ್ಟರೈಡ್ ಇರುವ ಕೂದಲನ್ನು ಕಾಯುತ್ತದೆ, ಹೊಳೆಯುವ ಬೋಳಿಗೆ ಫಲ ಕಡಿಮೆ. ಕೆಲವರಿಗೆ ಅಡ್ಡಪರಿಣಾಮಗಳೂ ಉಂಟು. ಆದ್ದರಿಂದ ಹಲವರಿಗೆ ಎರಡೂ ಬೇಕಾಗುತ್ತವೆ. ನುರಿತ ಸಹಾಯಕರು ಸಾಕಲ್ಲವೇ ಎಂಬುದು ಮೂರನೆಯದು. ಅವರ ಬೆರಳು ಚುರುಕಿರಬಹುದು. ಆದರೆ ಎಷ್ಟು ಕೀಳಬೇಕು, ಯಾರಿಗೆ ಬೇಡವೆನ್ನಬೇಕು, ಅರಿವಳಿಕೆ ಮದ್ದು ಏರುಪೇರಾದರೆ ಏನು ಮಾಡಬೇಕು ಎಂಬುದು ವೈದ್ಯರ ಹೊಣೆ. ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ, ಯೂಟ್ಯೂಬ್ ನೋಡಿ ಕಲಿತದ್ದು ತರಬೇತಿಯಲ್ಲವೆಂದು ಹೇಳಬೇಕಾಗಿ ಬಂದದ್ದೂ ಇದಕ್ಕೇ. ಕಸಿಗೆ ಹೋದವರು ಎಷ್ಟು ನೆಡುತ್ತೀರೆಂದು ಕೇಳುತ್ತಾರೆ. ಕಿತ್ತ ಮೇಲೆ ಹಿಂದಲೆಯಲ್ಲಿ ಎಷ್ಟು ಉಳಿಯುತ್ತದೆಂದೂ ಕೇಳಿ, ಉತ್ತರವನ್ನು ಬರೆಸಿಕೊಳ್ಳಲಿ.