ವಿಕಿರಣ ಚಿಕಿತ್ಸೆಯಲ್ಲಿ ಚಿತ್ರ, ಪ್ರಮಾಣ ಮತ್ತು ಕಾಲ

ಜರ್ಮನಿಯ ವೂರ್ಜ್‌ಬರ್ಗ್ ನಗರದಲ್ಲಿ 1895ರ ನವೆಂಬರ್ 8ರಂದು ವಿಲ್‌ಹೆಲ್ಮ್ ರಾಂಟ್‌ಜೆನ್ ಅವರ ಗಮನಕ್ಕೆ ಬಂದ ಅಪರಿಚಿತ ಕಿರಣಗಳಿಗೆ ಗಣಿತದ ಅಜ್ಞಾತ ರಾಶಿಯ ಹೆಸರೇ ನಿಂತಿತು. ಕನ್ನಡದಲ್ಲಿ ಅದು ಕ್ಷ-ಕಿರಣವಾಯಿತು. ಡಿಸೆಂಬರ್ 22ರಂದು ಅವರು ತಮ್ಮ ಪತ್ನಿಯ ಕೈಮೂಳೆಗಳನ್ನೂ ಬೆರಳಿನ ಉಂಗುರವನ್ನೂ ಛಾಯಾಫಲಕದ ಮೇಲೆ ಮೂಡಿಸಿದರು. ಮರುವರ್ಷವೇ ಈ ಕಿರಣಗಳು ಆಸ್ಪತ್ರೆಗಳನ್ನು ಪ್ರವೇಶಿಸಿದವು. ಅದರ ಬೆನ್ನಿಗೇ ಇನ್ನೊಂದು ಸಂಗತಿಯೂ ಬೆಳಕಿಗೆ ಬಂತು. ಕಿರಣದ ಮುಂದೆ ದಿನವೂ ಕೈಯೊಡ್ಡಿ ಕೆಲಸ ಮಾಡಿದವರ ಚರ್ಮ ಕೆಂಪಾಗಿ, ಕೂದಲುದುರಿ, ಮಾಯದ ಹುಣ್ಣುಗಳಾದವು. ಎಡಿಸನ್ ಅವರ ಸಹಾಯಕ ಕ್ಲಾರೆನ್ಸ್ ಡ್ಯಾಲಿ ಇದೇ ಕಾರಣದಿಂದ 1904ರಲ್ಲಿ ತೀರಿಕೊಂಡರು. ರೇಡಿಯಮ್ಮಿನ ಕಥೆಯೂ ಬೇರೆಯಲ್ಲ. ಅಂಗಿಯ ಜೇಬಿನಲ್ಲಿ ರೇಡಿಯಂ ನಳಿಕೆಯನ್ನು ಇಟ್ಟುಕೊಂಡಿದ್ದ ಬೆಕೆರಲ್ ಅವರಿಗೆ ಅದರ ಕೆಳಗಿನ ಚರ್ಮದಲ್ಲಿ ಗಾಯವಾಯಿತು. ಪಿಯರಿ ಕ್ಯೂರಿ ಅವರು ಬುದ್ಧಿಪೂರ್ವಕವಾಗಿ ತಮ್ಮ ತೋಳಿಗೇ ರೇಡಿಯಮ್ಮನ್ನು ತಾಗಿಸಿ ಪರೀಕ್ಷಿಸಿಕೊಂಡರು. ಇಬ್ಬರೂ ಸೇರಿ 1901ರಲ್ಲಿ ಈ ಅನುಭವವನ್ನು ಪ್ರಕಟಿಸಿದರು. ಆರೋಗ್ಯವಂತ ಅಂಗಾಂಶವನ್ನು ಹಾಳುಗೆಡವಬಲ್ಲದ್ದು ರೋಗಗ್ರಸ್ತ ಅಂಗಾಂಶವನ್ನೂ ಹಾಳುಗೆಡವೀತು ಎಂಬ ಸರಳ ತರ್ಕದಿಂದ ವಿಕಿರಣ ಚಿಕಿತ್ಸೆ ಹುಟ್ಟಿತು.

ಹೀಗೆ ದೇಹದೊಳಗನ್ನು ತೋರುವ ಕಿರಣವೂ ಕೋಶವನ್ನು ಕೊಲ್ಲುವ ಕಿರಣವೂ ಸ್ವಭಾವದಲ್ಲಿ ಒಂದೇ. ಅವುಗಳನ್ನು ಬೇರ್ಪಡಿಸುವುದು ಮುಖ್ಯವಾಗಿ ಪ್ರಮಾಣ. ಒಂದು ಕಿಲೋಗ್ರಾಂ ದ್ರವ್ಯವು ವಿಕಿರಣದಿಂದ ಒಂದು ಜೂಲ್ ಶಕ್ತಿಯನ್ನು ಹೀರಿಕೊಂಡರೆ ಆ ಪ್ರಮಾಣವನ್ನು ಒಂದು ಗ್ರೇ ಎನ್ನುತ್ತಾರೆ. ಇಡೀ ದೇಹಕ್ಕೆ ಒಮ್ಮೆಲೇ 4 ಗ್ರೇಯಷ್ಟು ವಿಕಿರಣ ತಗಲಿ, ಚಿಕಿತ್ಸೆ ದೊರೆಯದೆ ಹೋದರೆ, ಸುಮಾರು ಅರ್ಧದಷ್ಟು ಮಂದಿ ಕೆಲವು ವಾರಗಳಲ್ಲಿ ಸಾಯುತ್ತಾರೆ. ಆದರೆ ಅಷ್ಟು ಶಕ್ತಿಯಿಂದ ದೇಹದ ಉಷ್ಣತೆ ಏರುವುದು ಒಂದು ಡಿಗ್ರಿಯ ಸಾವಿರದಲ್ಲೊಂದು ಪಾಲು ಮಾತ್ರ. ಒಂದು ಗುಟುಕು ಬಿಸಿ ಕಾಫಿ ಅದಕ್ಕಿಂತ ಹೆಚ್ಚು ಶಾಖವನ್ನು ದೇಹಕ್ಕೆ ಕೊಡುತ್ತದೆ! ನಮ್ಮ ಜನ ವಿಕಿರಣ ಚಿಕಿತ್ಸೆಯನ್ನು ‘ಕರೆಂಟು ಕೊಡುವುದು’ ಎಂದು ಕರೆಯುತ್ತಾರೆ. ಗಡ್ಡೆಯನ್ನು ಸುಟ್ಟು ತೆಗೆಯುತ್ತಾರೆಂದು ನಂಬುತ್ತಾರೆ. ವಾಸ್ತವದಲ್ಲಿ ವಿದ್ಯುತ್ತು ರೋಗಿಯ ದೇಹವನ್ನು ಸೇರುವುದಿಲ್ಲ, ಶಾಖದಿಂದ ಸುಡುವ ಕ್ರಿಯೆಯೂ ನಡೆಯುವುದಿಲ್ಲ. ಕಿರಣವು ಪರಮಾಣುಗಳಿಂದ ಇಲೆಕ್ಟ್ರಾನುಗಳನ್ನು ಕಿತ್ತು ಅಯಾನುಗಳನ್ನು ಉಂಟುಮಾಡುತ್ತದೆ. ಕೋಶದೊಳಗಿನ ನೀರಿನ ಅಣುಗಳು ಒಡೆದು ಉಗ್ರ ಕ್ರಿಯಾಶೀಲ ತುಣುಕುಗಳಾಗುತ್ತವೆ. ಇವೆಲ್ಲ ಸೇರಿ ಡಿ.ಎನ್.ಎ.ಯ ಎಳೆಗಳನ್ನು ಕತ್ತರಿಸುತ್ತವೆ. ಒಂದೇ ಎಳೆ ತುಂಡಾದರೆ ಕೋಶವು ಅದನ್ನು ಬೆಸೆದುಕೊಳ್ಳುತ್ತದೆ. ಎರಡೂ ಎಳೆಗಳು ಒಂದೇ ಎಡೆಯಲ್ಲಿ ತುಂಡಾದರೆ ದುರಸ್ತಿ ಕಷ್ಟ. ಅಂಥ ಕೋಶ ಸಾಮಾನ್ಯವಾಗಿ ಕೂಡಲೇ ಸಾಯದೆ, ಮುಂದೆ ವಿಭಜನೆಗೆ ತೊಡಗಿದಾಗ ಸಾಯುತ್ತದೆ. ಚಿಕಿತ್ಸೆ ಮುಗಿದ ಮೇಲೂ ಕೆಲವು ವಾರಗಳ ಕಾಲ ಗಡ್ಡೆ ಕುಗ್ಗುತ್ತಲೇ ಇರುವುದಕ್ಕೆ ಇದೇ ಕಾರಣ.

ಎದೆಯ ಒಂದು ಕ್ಷ-ಕಿರಣ ಚಿತ್ರಕ್ಕೆ ಬೇಕಾಗುವುದು ಒಂದು ಮಿಲಿಗ್ರೇಗಿಂತ ಬಹಳ ಕಡಿಮೆ, ಹೊಟ್ಟೆಯ ಸಿ.ಟಿ. ಚಿತ್ರಕ್ಕೆ ಹತ್ತು ಹದಿನೈದು ಮಿಲಿಗ್ರೇ. ಚಿಕಿತ್ಸೆಯಲ್ಲಿ ಗಡ್ಡೆಗೆ ಸಾಮಾನ್ಯವಾಗಿ ದಿನವೊಂದಕ್ಕೆ ಕೊಡುವುದು 2 ಗ್ರೇ, ಎಂದರೆ 2000 ಮಿಲಿಗ್ರೇ. ಬಾಯಿ ಅಥವಾ ಗಂಟಲಿನ ಕ್ಯಾನ್ಸರಿಗೆ ಹೀಗೆ 35 ದಿನಗಳಲ್ಲಿ 70 ಗ್ರೇ ಕೊಡುವ ಪದ್ಧತಿಯಿದೆ. ಇಡೀ ದೇಹಕ್ಕೆ ಮಾರಕವಾಗುವ ಪ್ರಮಾಣಕ್ಕಿಂತ ಹದಿನೈದು ಪಟ್ಟಿಗೂ ಮಿಗಿಲಾದುದನ್ನು ಪಡೆದು ರೋಗಿ ಬದುಕುವುದು ಹೇಗೆ? ಒಂದು, ಅದನ್ನು ಗಡ್ಡೆಯ ಎಡೆಗೆ ಮಾತ್ರ ಮೀಸಲಿಡುವುದರಿಂದ. ಇನ್ನೊಂದು, ಅದನ್ನು ದಿನಗಳ ಮೇಲೆ ಹಂಚುವುದರಿಂದ.

ಎಡೆಯ ನಿರ್ಣಯ

ಮೊದಲನೆಯದಕ್ಕೆ ಚಿತ್ರಣ ತಂತ್ರಗಳೇ ಆಧಾರ. ಲಂಡನ್ನಿನ ಆಟ್ಕಿನ್‌ಸನ್ ಮಾರ್ಲಿ ಆಸ್ಪತ್ರೆಯಲ್ಲಿ 1971ರ ಅಕ್ಟೋಬರ್ 1ರಂದು ಗಾಡ್‌ಫ್ರೆ ಹೌನ್ಸ್‌ಫೀಲ್ಡ್ ಅವರ ಯಂತ್ರವು ಮೊದಲ ರೋಗಿಯ ಮೆದುಳಿನ ಅಡ್ಡಕೊಯ್ತದ ಚಿತ್ರವನ್ನು ಒದಗಿಸಿತು. ಅದರ ಗಣಿತವನ್ನು ಮೊದಲೇ ರೂಪಿಸಿದ್ದ ಅಲನ್ ಕಾರ್ಮ್ಯಾಕ್ ಅವರೊಂದಿಗೆ ಹೌನ್ಸ್‌ಫೀಲ್ಡ್ 1979ರ ನೊಬೆಲ್ ಪಾರಿತೋಷಕವನ್ನು ಹಂಚಿಕೊಂಡರು. ಸಿ.ಟಿ. ಚಿತ್ರ ಕೇವಲ ನೋಟಕ್ಕಲ್ಲ. ಅದರ ಪ್ರತಿ ಬಿಂದುವಿನ ಸಂಖ್ಯೆಯಿಂದ ಆ ಸ್ಥಳದ ಅಂಗಾಂಶವು ಕಿರಣವನ್ನು ಎಷ್ಟು ತಡೆಯುತ್ತದೆಂಬುದು ತಿಳಿಯುವುದರಿಂದ, ಗಣಕವು ಪ್ರಮಾಣದ ಲೆಕ್ಕವನ್ನು ಅದರ ಮೇಲೆಯೇ ಕಟ್ಟುತ್ತದೆ. ಗರ್ಭಕಂಠದಂಥ ಮೃದು ಅಂಗಗಳ ಎಲ್ಲೆಯನ್ನು ತೋರಲು ಅಯಾನೀಕಾರಕ ವಿಕಿರಣವನ್ನೇ ಬಳಸದ ಎಂ.ಆರ್.ಐ. ಹೆಚ್ಚು ಸಮರ್ಥ. ಸುಮಾರು 110 ನಿಮಿಷಗಳ ಅರ್ಧಾಯುಷ್ಯವುಳ್ಳ ಫ್ಲೋರಿನ್-18 ಸೇರಿಸಿದ ಸಕ್ಕರೆಯಂಥ ದ್ರವ್ಯವನ್ನು ದೇಹಕ್ಕೆ ಸೇರಿಸಿ ತೆಗೆಯುವ ಪೆಟ್ ಚಿತ್ರವು, ಸಕ್ಕರೆಯನ್ನು ಹೆಚ್ಚು ಬಳಸುವ ಕೋಶಗಳು ಎಲ್ಲಿವೆಯೆಂಬುದನ್ನು ತಿಳಿಸುತ್ತದೆ. ಆದರೆ ಕ್ಷಯ ತಗಲಿದ ಗ್ರಂಥಿಯೂ ಅದೇ ರೀತಿ ಹೊಳೆಯುತ್ತದೆ. ಕ್ಷಯ ವ್ಯಾಪಕವಾಗಿರುವ ನಮ್ಮ ದೇಶದಲ್ಲಿ ಇದು ಅಲಕ್ಷಿಸಬಹುದಾದ ಅಡಿಟಿಪ್ಪಣಿಯಲ್ಲ. ಅನುಮಾನವಿರುವೆಡೆ ಅಂಗಾಂಶದ ಚೂರನ್ನು ತೆಗೆದು ಪರೀಕ್ಷಿಸುವುದೇ ದಾರಿ.

ಎಡೆ ಗೊತ್ತಾದ ಮೇಲೆ ಗುರಿ. ಕೆನಡಾದಲ್ಲಿ 1951ರಲ್ಲಿ ಬಳಕೆಗೆ ಬಂದ ಕೋಬಾಲ್ಟ್-60 ಯಂತ್ರ, ಲಂಡನ್ನಿನ ಹ್ಯಾಮರ್‌ಸ್ಮಿತ್ ಆಸ್ಪತ್ರೆಯಲ್ಲಿ 1953ರಲ್ಲಿ ಬಂದ ರೇಖೀಯ ವೇಗೋತ್ಕರ್ಷಕ, ಇವೆರಡೂ ಚರ್ಮವನ್ನು ಬಹುಮಟ್ಟಿಗೆ ಉಳಿಸಿ ಆಳವನ್ನು ತಲುಪುವ ಕಿರಣಗಳನ್ನು ಕೊಟ್ಟವು. ಹಲವು ದಿಕ್ಕುಗಳಿಂದ ಬಿಟ್ಟ ಕಿರಣಗಳು ಗಡ್ಡೆಯಲ್ಲಿ ಮಾತ್ರ ಒಂದನ್ನೊಂದು ಸಂಧಿಸುವಂತೆ ಮಾಡಿದರೆ, ದಾರಿಯಲ್ಲಿನ ಅಂಗಾಂಶಕ್ಕೆ ಅಲ್ಪ ಪಾಲು, ಸಂಧಿಸುವೆಡೆಯಲ್ಲಿ ಪೂರ್ಣ ಪಾಲು. ಇಂದಿನ ಯಂತ್ರಗಳಲ್ಲಿ ಟಂಗ್‌ಸ್ಟನ್ನಿನ ತೆಳುವಾದ ಪಟ್ಟಿಗಳು ಚಲಿಸುತ್ತ ಕಿರಣದ ಆಕಾರವನ್ನೂ ತೀವ್ರತೆಯನ್ನೂ ಕ್ಷಣಕ್ಷಣಕ್ಕೆ ಬದಲಿಸುತ್ತವೆ. ಗಂಟಲಿಗೆ 70 ಗ್ರೇ ಕೊಡುವಾಗ ಕೆಲವೇ ಸೆಂಟಿಮೀಟರ್ ಹಿಂದಿರುವ ಬೆನ್ನುಹುರಿಯನ್ನು 45ರಿಂದ 50 ಗ್ರೇಯ ಮಿತಿಯೊಳಗೆ ಉಳಿಸಲು ಸಾಧ್ಯವಾಗುವುದು ಹೀಗೆ. ಅದಕ್ಕಾಗಿ ರೋಗಿಯ ಮುಖಕ್ಕೆ ಬಿಗಿಯಾಗಿ ಒಪ್ಪುವ ಪ್ಲಾಸ್ಟಿಕ್ ಕವಚವನ್ನು ಹಾಕಿ, ತಲೆ ಪ್ರತಿದಿನವೂ ಅದೇ ಭಂಗಿಯಲ್ಲಿರುವಂತೆ ನೋಡಿಕೊಳ್ಳುತ್ತಾರೆ.

ಕಾಲದ ಹಂಚಿಕೆ

ಎಡೆಯನ್ನು ಎಷ್ಟೇ ನಿಖರವಾಗಿ ಗುರುತಿಸಿದರೂ ಗಡ್ಡೆಯ ಒಳಗೂ ಅಂಚಿನಲ್ಲೂ ಆರೋಗ್ಯವಂತ ಕೋಶಗಳು ಇದ್ದೇ ಇರುತ್ತವೆ. ಅವನ್ನು ಉಳಿಸುವುದು ಕಾಲ. ಪ್ಯಾರಿಸ್ಸಿನಲ್ಲಿ ಕ್ಲಾಡ್ ರಿಗೋ ಮತ್ತವರ ಸಹೋದ್ಯೋಗಿಗಳು ಟಗರುಗಳ ಮೇಲೆ ನಡೆಸಿದ ಪ್ರಯೋಗಗಳು ಈ ಅರಿವಿನ ಮೂಲ. ಟಗರಿನ ವೃಷಣಗಳನ್ನು ಒಂದೇ ಸಲದ ವಿಕಿರಣದಿಂದ ನಿರ್ವೀರ್ಯಗೊಳಿಸಲು ಹೋದರೆ ಮೇಲಿನ ಚರ್ಮ ತೀವ್ರವಾಗಿ ಹಾಳಾಗುತ್ತಿತ್ತು. ವಿಕಿರಣವನ್ನು ಹಲವು ದಿನಗಳ ಮೇಲೆ ಹಂಚಿದಾಗ ಉದ್ದೇಶವೂ ಈಡೇರಿತು, ಚರ್ಮವೂ ಉಳಿಯಿತು. ಸದಾ ವಿಭಜಿಸುವ ಬೀಜಕೋಶಗಳನ್ನು ಗಡ್ಡೆಗೂ ಚರ್ಮವನ್ನು ಆರೋಗ್ಯವಂತ ಅಂಗಾಂಶಕ್ಕೂ ಹೋಲಿಸಿದ ಅವರ ಯೋಚನೆಯನ್ನು ಆನ್ರಿ ಕುಟಾರ್ ಅವರು ಗಂಟಲಿನ ಕ್ಯಾನ್ಸರಿನಲ್ಲಿ ಯಶಸ್ವಿಯಾಗಿ ಬಳಸಿದರು. ಎರಡು ದಿನಗಳ ನಡುವಿನ ಬಿಡುವಿನಲ್ಲಿ ಆರೋಗ್ಯವಂತ ಕೋಶ ತನ್ನ ಗಾಯವನ್ನು ಹೆಚ್ಚು ಸಮರ್ಥವಾಗಿ ಬೆಸೆದುಕೊಳ್ಳುತ್ತದೆ. ಗಡ್ಡೆಯಲ್ಲಿ ಹೊರಪದರದ ಕೋಶಗಳು ಸತ್ತಂತೆ ಒಳಗಿನ, ಆಮ್ಲಜನಕವಿಲ್ಲದೆ ವಿಕಿರಣಕ್ಕೆ ಜಗ್ಗದಿದ್ದ ಕೋಶಗಳಿಗೆ ಆಮ್ಲಜನಕ ದೊರೆತು ಅವೂ ದುರ್ಬಲವಾಗುತ್ತವೆ.

ಈ ಹಂಚಿಕೆಯ ಹಿಂದಿನ ಲೆಕ್ಕವನ್ನು ತುಸು ನಿಧಾನವಾಗಿ ನೋಡುವುದು ಅಗತ್ಯ. ಒಂದು ಗ್ರಾಂ ತೂಕದ, ಅಂದರೆ ಸುಮಾರು ಒಂದು ಸೆಂಟಿಮೀಟರ್ ಗಾತ್ರದ ಗಡ್ಡೆಯಲ್ಲಿ ಹೆಚ್ಚುಕಡಿಮೆ 100 ಕೋಟಿ ಕೋಶಗಳಿರುತ್ತವೆ. ಪ್ರತಿದಿನದ 2 ಗ್ರೇ ಅವುಗಳಲ್ಲಿ ಅರ್ಧವನ್ನು ಕೊಲ್ಲುತ್ತದೆಂದು ಸರಳವಾಗಿ ಇಟ್ಟುಕೊಳ್ಳೋಣ. ಮೊದಲ ದಿನ 50 ಕೋಟಿ, ಎರಡನೆಯ ದಿನ 25 ಕೋಟಿ. ಹದಿನೈದು ದಿನಗಳ ಚಿಕಿತ್ಸೆಯ ಬಳಿಕ ಉಳಿಯುವುದು ಸುಮಾರು 30 ಸಾವಿರ. ಮೂವತ್ತನೆಯ ದಿನಕ್ಕೆ ಒಂದು. ಇಲ್ಲಿ ಗಮನಿಸಬೇಕಾದುದು ನಡುವಿನ ಸಂಖ್ಯೆ. ಮೂವತ್ತು ಸಾವಿರ ಕೋಶಗಳ ಗುಂಪು ಮರಳಿನ ಕಣದಷ್ಟೂ ಇರದು, ಸಿ.ಟಿ., ಎಂ.ಆರ್.ಐ., ಪೆಟ್, ಯಾವುದಕ್ಕೂ ಅದು ಕಾಣಿಸದು. ಅಂದರೆ ಕಣ್ಣಿಗೂ ಯಂತ್ರಕ್ಕೂ ಗಡ್ಡೆ ಇಲ್ಲವೆನಿಸುವ ಹೊತ್ತಿಗೆ ಚಿಕಿತ್ಸೆ ಅರ್ಧ ಮಾತ್ರ ಆಗಿರಬಹುದು. ಚಿತ್ರವು ಎಲ್ಲಿ ಹೊಡೆಯಬೇಕೆಂಬುದನ್ನು ಹೇಳುತ್ತದೆ, ಎಂದು ನಿಲ್ಲಿಸಬೇಕೆಂಬುದನ್ನು ಹೇಳಲಾರದು.

ಉಳಿದ ಕೋಶಗಳು ಸುಮ್ಮನಿರುವುದೂ ಇಲ್ಲ. ತಲೆ-ಕತ್ತಿನ ಕ್ಯಾನ್ಸರುಗಳಲ್ಲಿ ಚಿಕಿತ್ಸೆಯ ಮೂರು ನಾಲ್ಕು ವಾರಗಳಾದ ಮೇಲೆ ಅವು ಮೊದಲಿಗಿಂತ ವೇಗವಾಗಿ ವೃದ್ಧಿಸತೊಡಗುತ್ತವೆ. ಅಲ್ಲಿಂದಾಚೆ ಚಿಕಿತ್ಸೆಯ ಒಟ್ಟು ಅವಧಿ ಒಂದು ದಿನ ಬೆಳೆದರೆ ರೋಗ ಹತೋಟಿಗೆ ಬರುವ ಸಂಭವವು ಶೇಕಡಾ ಒಂದಕ್ಕಿಂತ ತುಸು ಹೆಚ್ಚೇ ಇಳಿಯುತ್ತದೆಂದು ಅಂದಾಜು. ಗರ್ಭಕಂಠದ ಕ್ಯಾನ್ಸರಿನಲ್ಲಿ ಹೊರಗಿನ ಕಿರಣ ಚಿಕಿತ್ಸೆಯೂ, ವಿಕಿರಣಶೀಲ ಇರಿಡಿಯಮ್ಮನ್ನು ಗಡ್ಡೆಯ ಬಳಿಗೇ ಒಯ್ಯುವ ಒಳ ಚಿಕಿತ್ಸೆಯೂ ಸೇರಿ ಎಂಟು ವಾರಗಳೊಳಗೆ ಮುಗಿಯಬೇಕೆಂಬ ನಿಯಮವಿರುವುದು ಇಂಥದೇ ಕಾರಣಕ್ಕೆ.

ಆದರೆ ಈ ಮೂರು ನಾಲ್ಕನೆಯ ವಾರವೇ ರೋಗಿ ಆಸ್ಪತ್ರೆಯನ್ನು ಬಿಟ್ಟುಹೋಗುವ ಕಾಲವೂ ಹೌದು. ಎಲೆಯಡಿಕೆಯೊಡನೆ ಹೊಗೆಸೊಪ್ಪನ್ನೋ, ಗುಟ್ಕಾವನ್ನೋ ವರ್ಷಗಟ್ಟಲೆ ಅಗಿದು ಬಾಯಿಯ ಕ್ಯಾನ್ಸರಿಗೆ ಗುರಿಯಾದವರನ್ನು ಕುರಿತು ಯೋಚಿಸಿ. ಮೂರನೆಯ ವಾರಕ್ಕೆ ಬಾಯಿ ಹುಣ್ಣಾಗುತ್ತದೆ, ಗಂಜಿ ನುಂಗುವುದೂ ಕಷ್ಟ. ತೂಕ ಇಳಿದು ಮುಖದ ಕವಚ ಸಡಿಲಾದರೆ ಮತ್ತೆ ಸಿ.ಟಿ. ತೆಗೆದು ಯೋಜನೆಯನ್ನು ತಿದ್ದಬೇಕಾಗುತ್ತದೆ. ಅದೇ ವೇಳೆಗೆ ಗಡ್ಡೆ ಕುಗ್ಗಿ, ರೋಗ ವಾಸಿಯಾಯಿತೆಂಬ ಭಾವನೆ ಮೂಡಿರುತ್ತದೆ. ಊರಿನಲ್ಲಿ ಕೂಲಿ ನಿಂತಿದೆ, ಜೊತೆಗೆ ಬಂದವರ ಕೂಲಿಯೂ ನಿಂತಿದೆ. ದಿನವೊಂದಕ್ಕೆ ಹತ್ತು ಹದಿನೈದು ನಿಮಿಷಗಳ ಚಿಕಿತ್ಸೆಗಾಗಿ ಏಳು ವಾರ ಪರಸ್ಥಳದಲ್ಲಿ ತಂಗಬೇಕು. ಸರ್ಕಾರದ ಆರೋಗ್ಯ ಯೋಜನೆಗಳು ಬಡವರ ಚಿಕಿತ್ಸೆಯ ವೆಚ್ಚವನ್ನು ಭರಿಸುತ್ತವೆ, ಕಳೆದುಹೋದ ಕೂಲಿಯನ್ನಲ್ಲ. ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಂಥ ದೊಡ್ಡ ಕೇಂದ್ರಗಳ ಬಳಿ ಧರ್ಮಶಾಲೆ ಇರುವುದನ್ನು, ಕಲಬುರಗಿಯಂಥ ದೂರದ ಊರುಗಳಲ್ಲಿ ಕೇಂದ್ರಗಳು ತೆರೆದಿರುವುದನ್ನು ಸಾಮಾನ್ಯವಾಗಿ ಅನುಕೂಲಗಳ ಪಟ್ಟಿಗೆ ಸೇರಿಸುತ್ತೇವೆ. ಅವನ್ನು ಚಿಕಿತ್ಸೆಯ ಪ್ರಮಾಣದ ಲೆಕ್ಕಕ್ಕೇ ಸೇರಿಸಬೇಕೆಂದು ನನ್ನ ಅಭಿಪ್ರಾಯ. ಮಿಲಿಮೀಟರ್ ಗುರಿತಪ್ಪಿದರೆ ಎಚ್ಚರಿಸುವ ವ್ಯವಸ್ಥೆ ಯಂತ್ರದಲ್ಲಿದೆ. ವಾರವೊಂದು ತಪ್ಪಿದರೆ ರೋಗಿಯ ಮನೆಗೆ ಫೋನು ಮಾಡುವವರು ಎಲ್ಲೆಡೆಯೂ ಇಲ್ಲ.

ದಿನಗಳನ್ನೇ ಕಡಿಮೆ ಮಾಡುವ ಪ್ರಯತ್ನಗಳೂ ಫಲ ಕೊಟ್ಟಿವೆ. ಸ್ತನ ಕ್ಯಾನ್ಸರಿನ ಶಸ್ತ್ರಕ್ರಿಯೆಯ ಬಳಿಕ ಹಿಂದೆ ಐದು ವಾರ ಕೊಡುತ್ತಿದ್ದುದನ್ನು ಬ್ರಿಟನ್ನಿನ ದೀರ್ಘ ಪರೀಕ್ಷೆಗಳ ಆಧಾರದ ಮೇಲೆ ಮೂರು ವಾರಗಳಿಗೆ ಇಳಿಸಲಾಗಿದೆ. ಆಯ್ದ ರೋಗಿಗಳಿಗೆ ಒಂದೇ ವಾರದಲ್ಲಿ ಐದು ಸಲ ಸಾಕೆಂದು 2020ರಲ್ಲಿ ಪ್ರಕಟವಾದ ಫಲಿತಾಂಶ ತೋರಿಸಿತು. ಮೂಳೆಗೆ ಹಬ್ಬಿದ ಕ್ಯಾನ್ಸರಿನ ನೋವನ್ನು ಇಳಿಸಲು ಅನೇಕರಿಗೆ 8 ಗ್ರೇಯ ಒಂದೇ ಸಲದ ಚಿಕಿತ್ಸೆ ಸಾಕಾಗುತ್ತದೆ. ಬಾಯಿ, ಗಂಟಲು, ಗರ್ಭಕಂಠಗಳಲ್ಲಿ ಇಷ್ಟು ಮೊಟಕುಗೊಳಿಸುವ ಕಾಲ ಇನ್ನೂ ಬಂದಿಲ್ಲ. ಅಲ್ಲಿ ಯಂತ್ರ ಕೆಟ್ಟೋ ಹಬ್ಬಕ್ಕೆ ಊರಿಗೆ ಹೋಗಿಯೋ ದಿನ ತಪ್ಪಿದರೆ, ಅದನ್ನು ಕೊನೆಗೆ ಸೇರಿಸಿ ಅವಧಿಯನ್ನು ಬೆಳೆಸುವುದು ಸಲ್ಲದು. ಶನಿವಾರ ಚಿಕಿತ್ಸೆ ಕೊಟ್ಟೋ, ಒಂದೇ ದಿನ ಕನಿಷ್ಠ ಆರು ಗಂಟೆಗಳ ಅಂತರದಲ್ಲಿ ಎರಡು ಸಲ ಕೊಟ್ಟೋ ಅದೇ ವಾರದಲ್ಲಿ ಸರಿದೂಗಿಸಬೇಕು. ಆದ್ದರಿಂದ ಚಿಕಿತ್ಸೆಗೆ ಬರಲಾಗದ ರೋಗಿ ಮರುವಾರ ಬಂದು ಹೇಳುವ ಬದಲು ಅಂದೇ ತಿಳಿಸಬೇಕು. ಹಾಗೆ ತಿಳಿಸಲು ಒಂದು ದೂರವಾಣಿ ಸಂಖ್ಯೆಯನ್ನು ಮೊದಲ ದಿನವೇ ಅವರ ಕೈಗೆ ಕೊಟ್ಟಿರಬೇಕು.