ಪಥ್ಯಶಬ್ದದ ಅರ್ಥಸಂಕೋಚವೂ ಅರ್ಬುದರೋಗಿಯ ಆಹಾರವೂ

‘ಪಥ್ಯ’ವೆಂಬ ಶಬ್ದವನ್ನು ಪಾಣಿನಿಯು ತನ್ನ ನಾಲ್ಕನೆಯ ಅಧ್ಯಾಯದಲ್ಲಿ ಧರ್ಮ್ಯ, ಅರ್ಥ್ಯ, ನ್ಯಾಯ್ಯ ಶಬ್ದಗಳೊಡನೆ ಸಾಧಿಸಿರುವನು, ದಾರಿಯಿಂದ ತಪ್ಪದುದು ಎಂದು ಅದರ ಅರ್ಥ. ಚರಕಸಂಹಿತೆಯ ಸೂತ್ರಸ್ಥಾನದ 25ನೆಯ ಅಧ್ಯಾಯವು ಇದೇ ವ್ಯುತ್ಪತ್ತಿಯನ್ನು ಹಿಡಿದು, ಮನಸ್ಸಿಗೆ ಪ್ರಿಯವಾಗಿರಬೇಕೆಂಬ ಲಕ್ಷಣವನ್ನೂ ಸೇರಿಸಿ, ಪ್ರಮಾಣ ಕಾಲ ದೇಶ ದೇಹಾದಿಗಳ ಭೇದದಿಂದ ಒಂದೇ ದ್ರವ್ಯವು ಪಥ್ಯವೂ ಅಪಥ್ಯವೂ ಆಗಬಹುದೆಂದು ತಿಳಿಸುತ್ತದೆ. ಕನ್ನಡದ ಮನೆಮಾತಿನಲ್ಲಾದರೋ ಈ ಶಬ್ದವು ಬಹಳ ಕುಗ್ಗಿಹೋಗಿದೆ. ‘ಪಥ್ಯದಲ್ಲಿದ್ದಾರೆ’ ಎಂದರೆ ತುಪ್ಪ, ಮೊಸರು, ಕರಿದ ತಿಂಡಿ, ಹುಳಿಖಾರಗಳನ್ನು ಬಿಟ್ಟಿದ್ದಾರೆಂದೇ ಕೇಳುವವರು ತಿಳಿಯುವರು. ವಿಧಿಯನ್ನು ಹೇಳುತ್ತಿದ್ದ ಮಾತು ನಿಷೇಧವನ್ನು ಹೇಳತೊಡಗಿತು. ಶಬ್ದಗಳಿಗೆ ಇಂತಹ ಗತಿ ಹೊಸದಲ್ಲ. ಆದರೆ ಅರ್ಬುದ, ಎಂದರೆ ಕ್ಯಾನ್ಸರ್, ತಗುಲಿದವರ ವಿಷಯದಲ್ಲಿ ಇದು ಪ್ರಾಣಕ್ಕೆ ಸಂಬಂಧಿಸಿದ ಮಾತಾಗಿದೆ.

ಈ ರೋಗದಲ್ಲಿ ದೇಹವು ಸವೆಯುವುದು ಬರಿಯ ಉಪವಾಸದಿಂದಲ್ಲ. ಗಡ್ಡೆಯೂ, ಅದನ್ನು ಎದುರಿಸುವ ದೇಹವೂ ಹೊರಡಿಸುವ ದ್ರವ್ಯಗಳು ಹಸಿವನ್ನು ಕುಂದಿಸಿ ಮಾಂಸಖಂಡಗಳನ್ನು ಕರಗಿಸುತ್ತವೆ. ಗ್ರೀಕ್ ಭಾಷೆಯಲ್ಲಿ ‘ಕೆಟ್ಟ ಸ್ಥಿತಿ’ ಎಂಬರ್ಥದ ‘ಕ್ಯಾಕೆಕ್ಸಿಯ’ ಎಂಬುದೇ ಇದರ ಹೆಸರು. ಆರು ತಿಂಗಳಲ್ಲಿ ತೂಕವು ನೂರಕ್ಕೆ 5ಕ್ಕಿಂತ ಹೆಚ್ಚಾಗಿ ತಾನಾಗಿ ಇಳಿಯುವುದನ್ನು 2011ರಲ್ಲಿ ನಾನಾ ದೇಶಗಳ ತಜ್ಞರು ಇದರ ಮುಖ್ಯ ಲಕ್ಷಣವಾಗಿ ನಿರ್ಣಯಿಸಿದರು. ಆಹಾರವೊಂದರಿಂದಲೇ ಇದು ಪೂರ್ಣವಾಗಿ ಹಿಂದಿರುಗದು. ಹಾಗೆಂದು ಆಹಾರವು ವ್ಯರ್ಥವೆಂದು ಭಾವಿಸಬಾರದು. ಸವೆದ ದೇಹವು ಔಷಧಗಳನ್ನೂ ವಿಕಿರಣವನ್ನೂ ಸಹಿಸಲಾರದೆ ಚಿಕಿತ್ಸೆಯು ನಡುವೆಯೇ ನಿಲ್ಲುವ ಸಂಭವವುಂಟು.

ವೈದ್ಯರ ಸಾಮಾನ್ಯ ಗಣನೆಯಂತೆ ರೋಗಿಗೆ ದಿನಕ್ಕೆ ದೇಹತೂಕದ ಪ್ರತಿ ಕಿಲೋಗ್ರಾಮಿಗೆ 25ರಿಂದ 30 ಕ್ಯಾಲೊರಿಗಳೂ, 1ರಿಂದ 1.5 ಗ್ರಾಂ ಪ್ರೋಟೀನೂ ಬೇಕು. 50 ಕಿಲೋ ತೂಗುವವನಿಗೆ 1250ರಿಂದ 1500 ಕ್ಯಾಲೊರಿ, 50ರಿಂದ 75 ಗ್ರಾಂ ಪ್ರೋಟೀನು ಎಂದಾಯಿತು. ಪಥ್ಯವೆಂದು ಅವನಿಗೆ ದಿನವೆಲ್ಲ ಕೊಡುವ ಗಂಜಿಯನ್ನು 100 ಗ್ರಾಂ ಅಕ್ಕಿಯಿಂದ ಕಾಯಿಸಿದರೆ ದೊರೆಯುವುದು ಸುಮಾರು 350 ಕ್ಯಾಲೊರಿ, 7 ಗ್ರಾಂ ಪ್ರೋಟೀನು. ಕೊಡುವವರ ಪ್ರೀತಿಯಲ್ಲಿ ಕೊರತೆಯಿಲ್ಲ, ಕೊರತೆ ಗಂಜಿಯಲ್ಲಿದೆ. ಉಣ್ಣದಿದ್ದರೆ ಗಡ್ಡೆಯೂ ಹಸಿದು ಸಾಯುವುದೆಂಬ ನಂಬಿಕೆ ಇನ್ನೂ ಅನರ್ಥಕರವಾದುದು. ಮೊದಲು ಕರಗುವುದು ರೋಗಿಯ ಮಾಂಸವೇ.

ಬಾಯಿ ಹುಣ್ಣಾಗಿ, ರುಚಿ ಕೆಟ್ಟು, ಓಕರಿಕೆ ಬರುವವನಿಗೆ ತುಂಬಿದ ಎಲೆಯನ್ನು ಕಂಡರೇ ಅಸಹ್ಯವಾಗುವುದು. ಚರಕನು ಹೇಳಿದ ಮನಃಪ್ರಿಯತ್ವವು ಇಲ್ಲಿ ಉಪಯೋಗಕ್ಕೆ ಬರುತ್ತದೆ: ಅವನು ಬಯಸಿದುದನ್ನು, ಬಯಸಿದ ಹೊತ್ತಿಗೆ, ಸ್ವಲ್ಪಸ್ವಲ್ಪವಾಗಿ ಹಲವು ಸಲ ಕೊಡಬೇಕು. ಹಾಲು, ಗಟ್ಟಿಯಾದ ತೊವ್ವೆ, ಅರೆದ ಕಡಲೆಕಾಯಿ, ರೂಢಿಯಿದ್ದವರಿಗೆ ಮೊಟ್ಟೆ. ಗಂಜಿಯೇ ಬೇಕೆಂದರೆ ಅದಕ್ಕೆ ಹೆಸರುಬೇಳೆಯನ್ನೂ ತುಪ್ಪವನ್ನೂ ಬೆರೆಸಬಹುದು. ನುಂಗಲಾಗದವರಿಗೆ ಮೂಗಿನ ನಳಿಕೆಯಿಂದ ಉಣಿಸುವ ಕ್ರಮವಿದೆ. ಮೂತ್ರಪಿಂಡದ ರೋಗವೂ ಇದ್ದವರಿಗೆ ಪ್ರೋಟೀನಿನ ಪ್ರಮಾಣವನ್ನು ವೈದ್ಯನೇ ಗೊತ್ತುಮಾಡಬೇಕು. ಬಹುದಿನ ಉಪವಾಸವಿದ್ದವರಿಗೆ ಒಮ್ಮೆಲೇ ಹೆಚ್ಚಾಗಿ ಉಣಿಸಿದರೆ ರಕ್ತದ ಲವಣಾಂಶಗಳು ಕುಸಿದು ಅಪಾಯವಾಗುವುದರಿಂದ, ಅಲ್ಲಿಯೂ ವೈದ್ಯನ ಕಣ್ಣೆದುರಿನಲ್ಲಿ ಕ್ರಮವಾಗಿ ಏರಿಸುತ್ತ ಬರಬೇಕು.